ಉಳಿಕೆ

ತಾರ್ತು ಊರಿನ ವಿಶ್ವವಿದ್ಯಾಲಯದ ನೆಲಮಾಳಿಗೆ.
ಹೊರಗೆ ಜನವರಿ. ಮಧ್ಯಾಹ್ನ ಮೂರೂವರೆಗೇ
ಹಗಲು ಬೀಗ ಹಾಕಿಕೊಂಡು ಹೋಗಿದೆ.
ಒಳಗೆ ಆರು ಯಂತ್ರ, ಗಿರಗಿರ ತಿರುಗುವ ಹಳೆಯ ಡಿಸ್ಕುಗಳು,
ಮತ್ತು ಎನೆಲಿ. ಕೈಗವಸಿನ ಬೆರಳುಗಳನ್ನು ಕತ್ತರಿಸಿ
ಕೀಲಿಮಣೆ ಕುಟ್ಟುತ್ತಾಳೆ.

ಪ್ರಶ್ನೆ ಒಂದೇ. ಕೇಳುವುದು ಮೂವತ್ತು ಸಲ:
ನಾಲ್ಕು ಕೋಟಿ ಸಾಲುಗಳ ಈ ಕೋಷ್ಟಕದಲ್ಲಿ
ಇಂಥವನ ಬಾಕಿ ಎಷ್ಟು?
ಮೊದಲ ಸಲ ಯಂತ್ರ ನಿದ್ದೆಗಣ್ಣಲ್ಲಿ ತಡಕಾಡುತ್ತದೆ,
ಎರಡನೇ ಸಲಕ್ಕೆ ಉತ್ತರ ನಾಲಗೆಯ ತುದಿಯಲ್ಲೇ.
ಆ ಜಾಣತನ ಬೇಡ ಇವಳಿಗೆ.
ನೆನಪನ್ನೆಲ್ಲ ಒರೆಸಿ ಮತ್ತೆ ಮೊದಲಿಂದ ಕೇಳುತ್ತಾಳೆ,
ಪಾಟೀಸವಾಲಿಗೆ ನಿಂತ ವಕೀಲೆಯ ಹಾಗೆ.

ಅನ್ನಕ್ಕೆ ಒಂದಗುಳು ಹಿಸುಕಿದರೆ ಸಾಕು
ಎನ್ನುವುದು ಅಡುಗೆಮನೆಗೆ ಸರಿ.
ಇಲ್ಲಿ ಅಗುಳಿಗೊಂದು ಹದ.

ಹತ್ತು ವಾರ ಅಳೆದು ಕೊನೆಗೊಂದು ಮಾದರಿ ಕಟ್ಟಿದಳು:
ಇಷ್ಟು ಜನ ಒಮ್ಮೆಗೇ ಕೇಳಿದರೆ, ಇಷ್ಟು ಮೆಮೊರಿ ಇದ್ದರೆ,
ಸೂಚಿ ಇದ್ದರೆ, ಇರದಿದ್ದರೆ,
ಉತ್ತರಕ್ಕೆ ಇಷ್ಟು ಮಿಲಿಸೆಕೆಂಡು.
ಗೆರೆ ಸೊಗಸಾಗಿ ಬಂತು. ಚುಕ್ಕಿಗಳೆಲ್ಲ
ಅದರ ಮಗ್ಗುಲಲ್ಲೇ ಮಲಗಿದವು.
ಕೆಲವು ಮಾತ್ರ ಎಲ್ಲೋ ಮೇಲೆ, ಕಾಗದದ ಅಂಚಿನಲ್ಲಿ:
ಹನ್ನೆರಡಕ್ಕೆ ಮುಗಿಯಬೇಕಾದದ್ದು
ಒಂಬೈನೂರು ತಿಂದಿತ್ತು.
ಗೆರೆಗೂ ಚುಕ್ಕಿಗೂ ನಡುವಿನ ದೂರಕ್ಕೆ
ಉಳಿಕೆ ಎನ್ನುತ್ತಾರೆ.

"ಕಿತ್ತುಹಾಕು" ಎಂದರು ಪ್ರೊಫೆಸರ್ ಲೆಂಬಿತ್,
"ಪ್ರಬಂಧ ಕಳಿಸಲು ಹದಿನೈದೇ ದಿನ.
ಸರಾಸರಿಗೆ ಏನೂ ಆಗುವುದಿಲ್ಲ."

ನಿಜ. ಸರಾಸರಿಗೆ ಎಂದೂ ಏನೂ ಆಗುವುದಿಲ್ಲ.
ಆಗುವುದೇನಿದ್ದರೂ
ಆ ಒಂಬೈನೂರರ ಸಾಲಿನಲ್ಲಿ ನಿಂತವರಿಗೆ.

ತಂತಿ ಬದಲಿಸಿದಳು. ಬ್ಯಾಕಪ್ ನಿಲ್ಲಿಸಿದಳು.
ಯಂತ್ರಗಳ ಜಾಗ ಅದಲುಬದಲು ಮಾಡಿದಳು,
ಒಂದು ಸಲಕ್ಕೆ ಒಂದೇ, ಉಳಿದದ್ದು ಇದ್ದ ಹಾಗೇ.
ಒಂಬೈನೂರು ಒಂಬೈನೂರಾಗಿಯೇ ಉಳಿಯಿತು.

ರಾತ್ರಿ ಕಾವಲಿನ ವಾಂಬೊಲ
ಕಾಫಿ ಕೇಳಿಕೊಂಡು ಬಂದವನು
ಮೇಜಿನ ಮೇಲಿದ್ದ ಗಳಿಗೆಗಳ ಪಟ್ಟಿ ಎತ್ತಿಕೊಂಡ.
ಮಂಗಳವಾರ ಎರಡು ನಲವತ್ತೇಳು.
ಗುರುವಾರ ಎರಡು ಐವತ್ತಮೂರು.
ಶನಿವಾರ ಎರಡು ನಲವತ್ತೇಳು.
ಕನ್ನಡಕ ಕೂಡ ಹಾಕಲಿಲ್ಲ.
"ಇದು ವಾಲ್ಗಾ ಕಡೆಯಿಂದ ಬರುವ ಮರದ ದಿಮ್ಮಿಯ ಗಾಡಿ.
ಗುರುವಾರ ಆರು ನಿಮಿಷ ತಡ.
ಇಪ್ಪತ್ತೆರಡು ವರ್ಷ ಗೇಟು ಹಾಕಿದ್ದೇನೆ ಅದಕ್ಕೆ,
ಗುರುವಾರ ಒಂದು ದಿನವೂ ಸರಿಯಾಗಿ ಬರಲಿಲ್ಲ, ಮುಂಡೇದು."

ಆ ಶನಿವಾರ ಯಂತ್ರದ ತಲೆಯ ಮೇಲೆ
ಗಾಜಿನ ಲೋಟದಲ್ಲಿ ಚಹಾ ಇಟ್ಟು
ಇಬ್ಬರೂ ಕೂತರು, ಗ್ರಹಣ ನೋಡುವವರ ಹಾಗೆ.
ಸದ್ದು ಕೇಳಿಸಲೇ ಇಲ್ಲ.
ಚಹಾದಲ್ಲಿ ಒಂದು ಬಳೆ ಮೂಡಿತು, ಅದರೊಳಗೆ ಇನ್ನೊಂದು.
ಡಿಸ್ಕಿನ ಮುಳ್ಳು ತನ್ನ ಗೆರೆ ತಪ್ಪಿ,
ಇನ್ನೊಂದು ಸುತ್ತಿಗೆ ಕಾದು,
ಮತ್ತೆ ತಪ್ಪಿ, ಮತ್ತೆ ಕಾದು.
ಪರದೆಯ ಮೇಲೆ: ಒಂಬೈನೂರ ಹನ್ನೊಂದು.

ಎನೆಲಿ ನಕ್ಕಳು. ವಾಂಬೊಲ ನಗಲಿಲ್ಲ,
ಅವನು ಡಬ್ಬಿಗಳನ್ನು ಎಣಿಸುತ್ತಿದ್ದ.

ಮಾದರಿಗೆ ಹೊಸದೊಂದು ಅಂಕಣ ಸೇರಿತು:
ಗಾಡಿ, ಇದೆ ಅಥವಾ ಇಲ್ಲ.
ಗೆರೆ ಚುಕ್ಕಿಗಳನ್ನು ಮುಟ್ಟಿತು.
ಕೃತಜ್ಞತೆಯ ಸಾಲಿನಲ್ಲಿ ವಾಂಬೊಲನ ಹೆಸರು ಕಂಡು
"ಇದ್ಯಾರು, ಯಾವ ವಿಭಾಗ?" ಎಂದರು ಲೆಂಬಿತ್.

ಏಪ್ರಿಲಿನಲ್ಲಿ ಹೊಳೆಯ ಮಂಜು ಒಡೆಯಿತು.
ಅದೇ ವಾರ ಯಾವುದೋ ಮರದ ಕಾರ್ಖಾನೆ ಮುಚ್ಚಿ
ಗಾಡಿ ನಿಂತಿತು. ಮಾದರಿಗೆ ಯಾರು ಹೇಳಬೇಕು?
ಮಂಗಳವಾರ ಎರಡು ನಲವತ್ತೇಳಕ್ಕೆ ಅದು
ಒಂಬೈನೂರು ಎಂದು ಹೇಳಿ ಕೂತಿತು.
ಉತ್ತರ ಹನ್ನೆರಡರಲ್ಲಿ ಬಂದುಬಿಟ್ಟಿತು.
ಮತ್ತೆ ಅಷ್ಟೇ ದೊಡ್ಡ ಉಳಿಕೆ,
ಈ ಸಲ ಗೆರೆಯ ಕೆಳಗೆ.

ತಿದ್ದಬೇಕು, ಗೊತ್ತು. ಒಂದೇ ಸಾಲಿನ ಕೆಲಸ.
ಗುರುವಾರ ವಾಂಬೊಲ ಬಂದು
ಗೋಡೆಗೆ ಅಂಗೈ ಒತ್ತಿ ನಿಂತ.
ಐವತ್ತೆರಡು. ಐವತ್ತಮೂರು. ಐವತ್ತೇಳು.
"ಗುರುವಾರ ಅಲ್ಲವಾ," ಎಂದ, "ತಡ ಆಗುತ್ತದೆ."
ಎನೆಲಿ ಮುಂದಿನ ಪ್ರಶ್ನೆ ಕಳಿಸದೆ
ಬೆರಳು ಹಿಡಿದು ಕೂತಳು.